ಸಂದರ್ಭ ಸೂಚಿಸಿ ವಿವರಿಸಿ

'ದೀಸ್ ಲೈನ್ಸ್ ಆರ್ ಟೇಕನ್ ಫ್ರಮ್' ಎಂದು ಶುರು ಮಾಡಬೇಕು. ಪದ್ಯದ ಹೆಸರು, ಕವಿಯ ಹೆಸರು ತುಂಬಬೇಕು. ಯಾರು ಯಾರಿಗೆ ಯಾವಾಗ ಹೇಳಿದ್ದೆಂದು ಎರಡು ವಾಕ್ಯ, ಸಾಲಿನ ಅರ್ಥವನ್ನು ಸಾದಾ ಇಂಗ್ಲಿಷಿಗೆ ತಿರುವಿದ ನಾಲ್ಕು ವಾಕ್ಯ, ಕೊನೆಗೆ ಇಲ್ಲಿರುವುದು ಸಿಮಿಲಿಯೋ ಮೆಟಫರೋ ಎಂದು ಹೆಸರಿಸಿ ಅಡಿಗೆರೆ ಎಳೆದರೆ ಉತ್ತರ ಮುಗಿಯಿತು. ಇದಕ್ಕೆ ಅನೊಟೇಶನ್ ಎಂದು ಹೆಸರು; ಹುಡುಗರ ಬಾಯಲ್ಲಿ ಆರ್.ಸಿ., ಅಂದರೆ ರೆಫರೆನ್ಸ್ ಟು ಕಾಂಟೆಕ್ಸ್ಟ್. ನಮ್ಮ ತಂದೆ ಇದನ್ನು ಬರೆದರು, ನಾನು ಬರೆದೆ, ಆಮೇಲೆ ಹಾಸನ, ತುಮಕೂರು ಕಡೆಯ ಸರ್ಕಾರಿ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಸಾವಿರಾರು ಮಕ್ಕಳ ಕೈಲಿ ಬರೆಸಿದೆ. ನಮ್ಮವರಿಗೆ ಇಂಗ್ಲಿಷ್ ಓದುವುದನ್ನು ಕಲಿಸಿದ್ದು ಷೇಕ್ಸ್‌ಪಿಯರ್ ಎಂದೋ ವರ್ಡ್ಸ್‌ವರ್ತ್ ಎಂದೋ ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಲಿಸಿದ್ದು ಈ ಪ್ರಶ್ನೆ.

ವ್ಯಾಲ್ಯುಯೇಶನ್ ಹಾಲಿನಲ್ಲಿ ಒಮ್ಮೆ ಕೂತವರಿಗೆ ಇದು ಗೊತ್ತು. ಕಟ್ಟು ಬಿಚ್ಚಿದರೆ ಮೊದಲನೆಯ ಪತ್ರಿಕೆಯಲ್ಲಿದ್ದ ವಾಕ್ಯವೇ ಹನ್ನೊಂದನೆಯದರಲ್ಲಿ, ಹನ್ನೊಂದನೆಯದರಲ್ಲಿದ್ದುದೇ ಮೂವತ್ತನೆಯದರಲ್ಲಿ. ಕಾಪಿ ಹೊಡೆದದ್ದಲ್ಲ ಪಾಪ, ಒಂದೇ ಗೈಡನ್ನು ಇಡೀ ತಾಲ್ಲೂಕು ಉರು ಹೊಡೆದದ್ದು. ಗೈಡಿನಲ್ಲಿದ್ದ ಅಚ್ಚಿನ ತಪ್ಪು ಕೂಡ ಅಕ್ಷರ ಬಿಡದೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಹಿರಿಯ ಮೇಷ್ಟ್ರೊಬ್ಬರು, 'ಮೇಡಂ, ಕವಿ ಏನು ಹೇಳಿದಾನೆ ಅಂತ ನೋಡ್ಬೇಡಿ, ಟೇಕನ್ ಫ್ರಮ್ ಇದೆಯಾ ನೋಡಿ, ಅರ್ಧ ಮಾರ್ಕು ಹಾಕಿ' ಎನ್ನುತ್ತಿದ್ದರು. ಅವರು ಸೋಮಾರಿಯಲ್ಲ. ಸ್ಕೀಮ್ ಆಫ್ ವ್ಯಾಲ್ಯುಯೇಶನ್ ಎಂಬ ಹಾಳೆಯಲ್ಲಿ ಹಾಗೇ ಇರುತ್ತಿತ್ತು.

ಈ ಪ್ರಶ್ನೆ ಆಕ್ಸ್‌ಫರ್ಡಿನಿಂದ ಹಡಗು ಹತ್ತಿ ಬಂತೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಥೆ ಉಲ್ಟಾ ಇದೆ. ಕಲ್ಕತ್ತೆಯ ಹಿಂದೂ ಕಾಲೇಜು ಶುರುವಾದದ್ದು 1817ರಲ್ಲಿ. ಅಲ್ಲಿ ಬಂಗಾಳಿ ಹುಡುಗರು ಷೇಕ್ಸ್‌ಪಿಯರ್, ಮಿಲ್ಟನ್ ಓದಿ ಪರೀಕ್ಷೆ ಬರೆಯುತ್ತಿದ್ದ ಕಾಲಕ್ಕೆ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಒಂದು ಪದವಿ ವಿಷಯವೇ ಆಗಿರಲಿಲ್ಲ. ಅಲ್ಲಿ ಲ್ಯಾಟಿನ್, ಗ್ರೀಕ್ ಓದಿದವನು ವಿದ್ವಾಂಸ. ತನ್ನ ತಾಯಿನುಡಿಯ ಕಾವ್ಯವನ್ನು ಮನೆಯಲ್ಲಿ ಸಂಜೆ ಹೊತ್ತು ಓದಿಕೊಳ್ಳಬೇಕು, ಅದಕ್ಕೆ ಮೇಷ್ಟ್ರು ಯಾಕೆ, ಡಿಗ್ರಿ ಯಾಕೆ ಎಂಬ ಭಾವನೆ. ಲಂಡನ್ನಿನ ಹೊಸ ಕಾಲೇಜಿನಲ್ಲಿ 1828ರಲ್ಲಿ ಇಂಗ್ಲಿಷಿಗೆ ಒಬ್ಬ ಪ್ರೊಫೆಸರ್ ಬಂದರು, ನಿಜ. ಆದರೆ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪದವಿ ಬಂದದ್ದು 1890ರ ದಶಕದಲ್ಲಿ. ಕೇಂಬ್ರಿಜ್ ಇನ್ನೂ ತಡ, 1917. ಅಷ್ಟು ಹೊತ್ತಿಗೆ ನಮ್ಮ ಮೈಸೂರಿನಲ್ಲೇ ಒಂದು ವಿಶ್ವವಿದ್ಯಾನಿಲಯ ತೆರೆದು ವರ್ಷವಾಗಿತ್ತು. ಇಂಗ್ಲಿಷ್ ಸಾಹಿತ್ಯ ಎಂಬ ಪರೀಕ್ಷೆಯ ವಿಷಯ ಬೆಳೆದದ್ದು ಬಹುಮಟ್ಟಿಗೆ ಈ ನೆಲದಲ್ಲಿ, ನಮ್ಮಂಥವರ ಮೇಲೆ ಪ್ರಯೋಗವಾಗಿ. 1989ರಲ್ಲಿ ಗೌರಿ ವಿಶ್ವನಾಥನ್ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಎಂಬ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟ ಮೇಲೆ ಇಂಗ್ಲಿಷ್ ವಿಭಾಗಗಳಲ್ಲಿ ಒಂದಷ್ಟು ಕಾಲ ದೊಡ್ಡ ಚರ್ಚೆ ನಡೆಯಿತು. ಕಂಪನಿ ಸರ್ಕಾರಕ್ಕೆ ಇಲ್ಲಿ ಬೈಬಲ್ ಪಾಠ ಮಾಡಿಸಲು ಅಂಜಿಕೆಯಿತ್ತು, ಆ ಜಾಗದಲ್ಲಿ ಕಾವ್ಯವನ್ನು ತಂದು ಕೂರಿಸಿತು ಎಂಬುದು ಅವರ ವಾದದ ತಿರುಳು.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನೌಕರಿ. ಮೆಕಾಲೆಯ 1835ರ ಟಿಪ್ಪಣಿಯನ್ನು ಎಲ್ಲರೂ ಬೈಯುತ್ತಾರೆ. ಬೈಯಲಿ. ಆದರೆ ಅವನ ಟಿಪ್ಪಣಿ ಓದಿ ಯಾವ ಹುಡುಗನೂ ಇಂಗ್ಲಿಷ್ ಕಲಿಯಲು ಓಡಲಿಲ್ಲ. ಓಡಿಸಿದ್ದು 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ಆದೇಶ. ಸರ್ಕಾರಿ ಕೆಲಸಗಳಿಗೆ ಇಂಗ್ಲಿಷ್ ಕಲಿತವರಿಗೇ ಮೊದಲ ಪ್ರಾಶಸ್ತ್ಯ ಎಂದಿತು ಅದು. ಇಂಗ್ಲಿಷ್ ಬಂತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಪರೀಕ್ಷೆ. ಪರೀಕ್ಷೆಯಲ್ಲಿ ಏನು ಕೇಳುವುದು? ಓದಿಸಿದ ಪುಸ್ತಕದ ಒಂದು ಸಾಲು ಕೊಟ್ಟು, ಇದು ಎಲ್ಲಿ ಬರುತ್ತದೆ, ಇದರ ಅರ್ಥವೇನು ಎಂದು ಕೇಳಿದರೆ ಹುಡುಗ ಪುಸ್ತಕ ತೆರೆದಿದ್ದಾನೋ ಇಲ್ಲವೋ ಗೊತ್ತಾಗುತ್ತದೆ. ಗುಮಾಸ್ತನನ್ನು ಆರಿಸುವುದಕ್ಕೆ ಅದು ಕೆಟ್ಟ ಪ್ರಶ್ನೆಯೂ ಅಲ್ಲ.

ಇನ್ನೊಂದು ಕಡೆಯಿಂದಲೂ ತಳ್ಳು ಬಂತು. ಇಂಡಿಯನ್ ಸಿವಿಲ್ ಸರ್ವಿಸಿಗೆ 1855ರಿಂದ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ನಡೆಯತೊಡಗಿತು. ಅದರಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ, ಚರಿತ್ರೆಗೆ ಸೇರಿ 1500 ಅಂಕ. ಗ್ರೀಕಿಗೆ 750, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375. ಭಾರತವನ್ನು ಆಳಲು ಹೊರಟ ಇಂಗ್ಲಿಷ್ ಹುಡುಗನೂ ಮೊದಲ ಸಲ ತನ್ನ ಭಾಷೆಯ ಕವಿಗಳನ್ನು ಪರೀಕ್ಷೆಗಾಗಿ ಕೂತು ಓದಬೇಕಾಯಿತು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಬಂದವು. ಆ ಮೇಲೆ ಪಠ್ಯಪುಸ್ತಕದ ವ್ಯಾಪಾರ ಬಂತು. ಈ ಅಧ್ಯಾಯವನ್ನು ನಮ್ಮವರು ಯಾರೂ ಸರಿಯಾಗಿ ಬರೆದಿಲ್ಲ ಎಂಬುದು ನನ್ನ ದೂರು. ಮ್ಯಾಕ್‌ಮಿಲನ್ ಕಂಪನಿ ಭಾರತದ ವಿದ್ಯಾರ್ಥಿಗಳಿಗೆಂದೇ ಟಿಪ್ಪಣಿ ಸಹಿತ ಇಂಗ್ಲಿಷ್ ಕ್ಲಾಸಿಕ್‌ಗಳ ಒಂದು ಮಾಲೆ ಹೊರಡಿಸಿತು. ಟಿಪ್ಪಣಿ ಬರೆದವರು ಇಲ್ಲೇ ಪಾಠ ಮಾಡುತ್ತಿದ್ದ ಇಂಗ್ಲಿಷರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ರೋ ಮತ್ತು ವೆಬ್ ಟೆನಿಸನ್ನನಿಗೆ ಬರೆದರು. ಆಗ್ರಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಕೆ. ಡೀಟನ್ ಷೇಕ್ಸ್‌ಪಿಯರನ ನಾಟಕಗಳಿಗೆ ಬರೆದರು. ಸ್ನೋ ಎಂದರೇನು ಎಂದು ಯಾವತ್ತೂ ಹಿಮ ನೋಡದ ಹುಡುಗನಿಗೆ ಹೇಳಬೇಕು. ನೈಟಿಂಗೇಲ್ ಹಗಲು ಹಾಡುತ್ತದೋ ರಾತ್ರಿಯೋ ಹೇಳಬೇಕು. ರೋಮಿನ ಕ್ಯಾಪಿಟಲ್ ಎಂಬುದು ಗುಡ್ಡವೋ ಗುಡಿಯೋ ಹೇಳಬೇಕು. ಒಳ್ಳೆಯ ಉದ್ದೇಶವೇ. ಆದರೆ ಹೇಳುತ್ತ ಹೇಳುತ್ತ ಡೀಟನ್ ಒಂದೊಂದು ಕಷ್ಟದ ಸಾಲನ್ನೂ ಸರಳ ಗದ್ಯಕ್ಕಿಳಿಸಿಬಿಟ್ಟರು. ಮುಂದೆ ಪರೀಕ್ಷೆಯಲ್ಲಿ ಅದೇ ಸಾಲು ಬಂದಾಗ ಹುಡುಗ ಷೇಕ್ಸ್‌ಪಿಯರನನ್ನು ಬಿಟ್ಟು ಡೀಟನನ್ನು ಬರೆದ. ಅಂಕವೂ ಬಂತು. ಮುಂದೆ ಬಜಾರಿಗೆ ಬಂದ ಗೈಡುಗಳೆಲ್ಲ ಡೀಟನ್ನರ ಬಡ ಸಂತಾನವೇ.

ವ್ಯಾಕರಣಕ್ಕೆ ನೆಸ್‌ಫೀಲ್ಡ್. ವಾಯವ್ಯ ಪ್ರಾಂತ್ಯದಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ್ ಆಗಿದ್ದವರು. 1890ರ ದಶಕದಲ್ಲಿ ಅವರ ಪುಸ್ತಕಗಳು ಬಂದವು. ಆಮೇಲೆ 1930ರ ದಶಕದಲ್ಲಿ ರೆನ್ ಅಂಡ್ ಮಾರ್ಟಿನ್. ಈ ಪಿ.ಸಿ. ರೆನ್ ಬೊಂಬಾಯಿ ಪ್ರಾಂತ್ಯದ ವಿದ್ಯಾ ಇಲಾಖೆಯಲ್ಲಿದ್ದು, ಆಮೇಲೆ ಸಹಾರಾ ಮರುಭೂಮಿಯ ಫ್ರೆಂಚ್ ಸೈನಿಕರ ಬಗ್ಗೆ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿ ಬರೆದು ಹೆಸರಾದವರು. ಆ ಕಾದಂಬರಿಯನ್ನು ಈಗ ಓದುವವರಿಲ್ಲ. ಪ್ರಿಪೊಸಿಷನ್ ಪುಸ್ತಕ ಮಾತ್ರ ಎಂಬತ್ತು ಚಿಲ್ಲರೆ ವರ್ಷದಿಂದ ನಮ್ಮ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲಿದೆ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಬ್ರಿಟಿಷರು ಆಡಳಿತ ಕಿತ್ತುಕೊಂಡದ್ದು 1831ರಲ್ಲಿ. ಎರಡೇ ವರ್ಷದ ಮೇಲೆ, 1833ರಲ್ಲಿ, ಅದೇ ಮಹಾರಾಜರು ಮೈಸೂರಿನಲ್ಲಿ ಫೀಸಿಲ್ಲದ ಒಂದು ಇಂಗ್ಲಿಷ್ ಶಾಲೆ ತೆರೆದರು. ರಾಜಾಸ್ ಫ್ರೀ ಇಂಗ್ಲಿಷ್ ಸ್ಕೂಲ್ ಎಂದು ಅದರ ಹೆಸರು. ಬೆಳೆದು ಮಹಾರಾಜಾ ಕಾಲೇಜಾದದ್ದು ಅದೇ. ಕೈಯಿಂದ ರಾಜ್ಯ ಹೋದ ದೊರೆಗೆ ಮುಂದಿನ ಕಾಲದ ಕೀಲಿ ಎಲ್ಲಿದೆ ಎಂಬುದು ಕಂಡಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ 1858ರಲ್ಲಿ ವೆಸ್ಲಿಯನ್ ಮಿಷನ್ನಿನಿಂದ ಬಂದ ಜಾನ್ ಗ್ಯಾರೆಟ್ಟರ ಮುಂದಾಳ್ತನದಲ್ಲಿ ಬೆಂಗಳೂರು ಹೈಸ್ಕೂಲು ಆಯಿತು. ಅದೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಎರಡೂ ಕಡೆಯ ಹುಡುಗರು ಬರೆಯುತ್ತಿದ್ದದ್ದು ಮದರಾಸಿನ ಪರೀಕ್ಷೆ: ಮೆಟ್ರಿಕ್ಯುಲೇಶನ್, ಎಫ್.ಎ., ಬಿ.ಎ. ಎಫ್.ಎ. ಫೇಲ್ ಎಂಬುದೂ ಆಗ ಒಂದು ಅರ್ಹತೆ. ಅಷ್ಟರ ಮೇಲೆ ಗುಮಾಸ್ತಗಿರಿ ಸಿಗುತ್ತಿತ್ತು. ಮದರಾಸಿನಿಂದಲೇ ನಮಗೆ ಡೀಟೇಲ್ಡ್, ನಾನ್‌ಡೀಟೇಲ್ಡ್ ಎಂಬ ಜಾತಿಭೇದವೂ ಬಂತು. ಡೀಟೇಲ್ಡ್ ಪುಸ್ತಕವನ್ನು ಸಾಲು ಸಾಲಾಗಿ ಅಗೆಯಬೇಕು, ಅನೊಟೇಶನ್ ಬರುವುದು ಅದರಿಂದ. ನಾನ್‌ಡೀಟೇಲು ಕಥೆಪುಸ್ತಕ, ಅದನ್ನು ಸುಮ್ಮನೆ ಓದಿಕೊಂಡರಾಯಿತು. ನಮ್ಮಲ್ಲಿ ಎಷ್ಟೋ ಜನರಿಗೆ ಇಂಗ್ಲಿಷಿನ ರುಚಿ ಹತ್ತಿದ್ದು ಅಗೆಯದೆ ಬಿಟ್ಟ ಆ ನಾನ್‌ಡೀಟೇಲಿನಿಂದ ಎಂಬುದನ್ನು ಯಾವ ಬೋರ್ಡ್ ಆಫ್ ಸ್ಟಡೀಸೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದದ್ದು. ಅವರು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿದ್ದು 1940ರ ದಶಕದಲ್ಲಿ. ಅವರು ಓದಿದ 'ಜೂಲಿಯಸ್ ಸೀಸರ್' ಈಗಲೂ ನನ್ನ ಹತ್ತಿರ ಇದೆ. ಡೀಟನ್ನರ ಟಿಪ್ಪಣಿಯದೇ, ನಾಟಕಕ್ಕಿಂತ ಟಿಪ್ಪಣಿಗೇ ಪುಟ ಹೆಚ್ಚು. ಹಲವು ಕೈ ದಾಟಿ ಬಂದ ಪ್ರತಿ. ಮೊದಲ ಹಾಳೆಯಲ್ಲಿ ಹಿಂದಿನವರ ಹೆಸರುಗಳು ಒಂದರ ಕೆಳಗೊಂದು, ಪ್ರತಿಯೊಂದಕ್ಕೂ ಅಡ್ಡಗೆರೆ. ಇಂಗ್ಲಿಷ್ ಪದದ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರದ ಅರ್ಥಗಳು. ಇದಕ್ಕೆ ಮೀನಿಂಗ್ ಹಾಕಿಕೊಳ್ಳುವುದು ಎಂದು ಹೆಸರು. ಮೇಷ್ಟ್ರು ಹೇಳಿದ ವೇಗಕ್ಕೆ ಬರೆದದ್ದರಿಂದ ಅರ್ಧ ಪದ, ಮುಕ್ಕಾಲು ಪದ. ಇದೆಲ್ಲ ಯಾವ ಹಳೆಯ ಪಠ್ಯದಲ್ಲೂ ಇರುವಂಥದ್ದೇ.

ಇಲ್ಲದಿರುವುದು ಅಂಚಿನಲ್ಲಿತ್ತು. ನಾಟಕ ತೆರೆಯುವುದೇ ರೋಮಿನ ಬೀದಿಯಲ್ಲಿ ಒಬ್ಬ ಚಮ್ಮಾರನ ತಮಾಷೆಯಿಂದ. ಅಧಿಕಾರಿಗಳು ನಿನ್ನ ಕಸುಬೇನು ಎಂದು ಗದರುತ್ತಾರೆ. ಅವನು ಸೋಲ್ ರಿಪೇರಿ ಮಾಡುವವನು ಎನ್ನುತ್ತಾನೆ. ಚಪ್ಪಲಿಯ ಅಟ್ಟೆಯೂ ಸೋಲ್, ಆತ್ಮವೂ ಸೋಲ್. ಡೀಟನ್ ಇದನ್ನು ಪನ್ ಎಂದು ಗುರುತಿಸಿ ಮುಂದೆ ಹೋಗುತ್ತಾರೆ. ಅಂಚಿನಲ್ಲಿ ಅಣ್ಣನ ಕೈಬರಹದಲ್ಲಿ 'ಶ್ಲೇಷ. ಲಕ್ಷ್ಮೀಶ' ಎಂದಿದೆ. ಆಂಟನಿಯ ಭಾಷಣದ ಜಾಗದಲ್ಲಿ ಇನ್ನೂ ಚೆಂದ. ಸೀಸರನನ್ನು ಕೊಂದವರನ್ನು ಆಂಟನಿ ಆನರಬಲ್, ಆನರಬಲ್ ಎಂದು ಮತ್ತೆ ಮತ್ತೆ ಹೊಗಳುತ್ತ ಹೋಗುತ್ತಾನೆ. ಕೇಳುವ ಜನಕ್ಕೆ ಹೊಗಳಿಕೆ ಮೆಲ್ಲಗೆ ಬೈಗುಳವಾಗಿ ಕೇಳಿಸತೊಡಗುತ್ತದೆ. ಅಲ್ಲಿ ಅಂಚಿನಲ್ಲಿ ಒಂದೇ ಪದ: 'ವ್ಯಾಜಸ್ತುತಿ!' ಆಶ್ಚರ್ಯಸೂಚಕ ಅವರದೇ.

ಹದಿನೇಳು ಹದಿನೆಂಟು ವರ್ಷದ ಹುಡುಗನ ಕೆಲಸ ಇದು. ಹೊಗಳಿಕೆಯ ವೇಷದ ನಿಂದೆಗೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಒಂದು ಸ್ಥಾನವಿದೆ ಎಂದು ಅವರು ಕನ್ನಡ ಪಂಡಿತರ ಪಾಠದಲ್ಲಿ ಕೇಳಿದ್ದರು, ಅದನ್ನು ರೋಮಿನ ಪೇಟೆಬೀದಿಯಲ್ಲಿ ಗುರುತು ಹಿಡಿದರು. 'ಇದನ್ನ ಪರೀಕ್ಷೇಲಿ ಯಾಕೆ ಬರೀಲಿಲ್ಲ ಅಣ್ಣ?' ಎಂದು ನಾನು ಎಂ.ಎ. ಓದುವಾಗ ಕೇಳಿದ್ದೆ. 'ಯಾರು ಕೇಳಿದ್ರು ಅದನ್ನ? ಐರನಿ ಅಂತ ಬರೆದೆ, ಮಾರ್ಕು ಕೊಟ್ಟರು. ಪಂಡಿತರ ಪೀರಿಯಡ್ಡೇ ಬೇರೆ, ಇಂಗ್ಲಿಷ್ ಪೀರಿಯಡ್ಡೇ ಬೇರೆ. ಸಂಬಳಾನೂ ಬೇರೆ' ಎಂದು ನಕ್ಕರು.

ಆ ಕಾಲದಲ್ಲಿ ನಮ್ಮ ಹುಡುಗರು ಅಲಂಕಾರದ ವಿಷಯದಲ್ಲಿ ಬರಿಗೈಯಲ್ಲಿ ಇಂಗ್ಲಿಷ್ ಕ್ಲಾಸಿಗೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥವಾದ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಅಲಂಕಾರದ ಪುಸ್ತಕ. ದಂಡಿ ಉಪಮೆಯೊಂದನ್ನೇ ಮೂವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿದ್ದ. ನಮ್ಮ ಜನ ಕವಿಗಳಿಗೆ ಬಿರುದು ಕೊಟ್ಟದ್ದು ಕೂಡ ಅಲಂಕಾರದ ಮೇಲೆ: ಲಕ್ಷ್ಮೀಶ ಉಪಮಾಲೋಲ, ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ. ಗಮಕ ಕೇಳಲು ಜಗಲಿಗೆ ಬಂದ ಅಕ್ಷರ ಬಾರದವರಿಗೂ ಈ ಬಿರುದು ಗೊತ್ತಿತ್ತು.

ಇಂಗ್ಲಿಷ್ ಕ್ಲಾಸಿನ ಫಿಗರ್ಸ್ ಆಫ್ ಸ್ಪೀಚ್ ಎಲ್ಲಿಂದ ಬಂತು? ಬೇರು ಗ್ರೀಕ್, ರೋಮನ್ ಭಾಷಣಶಾಸ್ತ್ರದ್ದು. ನಮಗೆ ಬಂದ ರೂಪದ ಮೇಲೆ ಸ್ಕಾಟ್ಲೆಂಡಿನ ಅಚ್ಚು ಇದೆ. ಎಡಿನ್‌ಬರೋದಲ್ಲಿ ಹ್ಯೂ ಬ್ಲೇರ್ 1762ರಿಂದ ಈ ವಿಷಯದ ಪ್ರೊಫೆಸರು. ನೂರು ವರ್ಷದ ಮೇಲೆ, 1866ರಲ್ಲಿ, ಅಬರ್ಡೀನಿನ ಅಲೆಗ್ಸಾಂಡರ್ ಬೇಯ್ನ್ ಒಂದು ಪಠ್ಯ ಬರೆದರು. ಬೇಯ್ನ್ ಮೂಲತಃ ಮನಶ್ಶಾಸ್ತ್ರದವರು. ಮನಸ್ಸು ಮೂರು ಕೆಲಸ ಮಾಡುತ್ತದೆ, ಸಾಮ್ಯ ಕಾಣುತ್ತದೆ, ಭೇದ ಕಾಣುತ್ತದೆ, ಜೊತೆಗಿದ್ದುದನ್ನು ನೆನೆಯುತ್ತದೆ. ಹಾಗಾಗಿ ಅಲಂಕಾರವೂ ಮೂರು ಗುಂಪು ಎಂದರು. ಸಿಮಿಲಿ, ಮೆಟಫರ್ ಸಾಮ್ಯದಲ್ಲಿ, ಆಂಟಿತೆಸಿಸ್ ಭೇದದಲ್ಲಿ, ಕಿರೀಟ ಎಂದು ಹೇಳಿ ರಾಜನನ್ನು ಸೂಚಿಸುವ ಮೆಟಾನಿಮಿ ಜೊತೆಗಿರುವುದರಲ್ಲಿ. ಕಲ್ಕತ್ತೆಯ ಬೋಸ್ ಮತ್ತು ಸ್ಟರ್ಲಿಂಗರ ಪುಸ್ತಕ ಇದನ್ನೇ ಪಟ್ಟಿಗಿಳಿಸಿ ಭಾರತದ ಕಾಲೇಜುಗಳಲ್ಲಿ ಹಂಚಿತು. ಬೇಯ್ನ್ ಕೇಳಿದ್ದ ಪ್ರಶ್ನೆ, ಮನಸ್ಸು ಹೀಗೆ ಯಾಕೆ ಜಿಗಿಯುತ್ತದೆ ಎಂಬುದು, ಪಟ್ಟಿಯಾಗುವಾಗ ಉದುರಿಹೋಯಿತು. ಉಳಿದದ್ದು ಹೆಸರುಗಳು.

ಇಲ್ಲಿ ನಮ್ಮ ಶಾಸ್ತ್ರದ ಒಂದು ಹಳೆಯ ಉದಾಹರಣೆ ಹೇಳಲೇಬೇಕು. 'ಗಂಗೆಯ ಮೇಲೊಂದು ಹಳ್ಳಿ' ಎಂದು ಯಾರೋ ಅನ್ನುತ್ತಾರೆ. ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ದಡದ ಮೇಲೆ ಎಂದು ಅರ್ಥ, ಇದು ಲಕ್ಷಣಾ. ಇಷ್ಟಕ್ಕೆ ಬಿಟ್ಟಿದ್ದರೆ ಅದೂ ಮೆಟಾನಿಮಿಯ ಅನೊಟೇಶನ್ನೇ ಆಗುತ್ತಿತ್ತು. ಶಾಸ್ತ್ರದವರು ಬಿಡುವುದಿಲ್ಲ. ದಡ ಎಂದೇ ಹೇಳಬಹುದಿತ್ತಲ್ಲ, ಗಂಗೆ ಎಂದು ಯಾಕೆ ಹೇಳಿದ, ಪ್ರಯೋಜನವೇನು ಎಂದು ಕೇಳುತ್ತಾರೆ. ಉತ್ತರ: ಆ ಹಳ್ಳಿಯ ತಂಪು, ಪಾವನತೆ ಕೇಳುವವನ ಮನಸ್ಸಿಗೆ ಬರಲೆಂದು. ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಧ್ವನಿ ಸಿದ್ಧಾಂತವನ್ನು ಕಟ್ಟಿದ್ದು ಈ 'ಯಾಕೆ ಹೀಗೆ ಹೇಳಿದ' ಎಂಬ ಪ್ರಶ್ನೆಯ ಸುತ್ತ. ನಮ್ಮ ಇಂಗ್ಲಿಷ್ ಪ್ರಶ್ನೆಪತ್ರಿಕೆ ಎಲ್ಲಿ, ಯಾರು, ಏನು ಎಂದೆಲ್ಲ ಕೇಳಿತು. ಯಾಕೆ ಎಂದು ಮಾತ್ರ ಕೇಳಲಿಲ್ಲ.

ಇದೇ ವ್ಯವಸ್ಥೆಯಿಂದ ಬಿ.ಎಂ. ಶ್ರೀಕಂಠಯ್ಯನವರು ಬಂದರಲ್ಲ ಎಂದು ಯಾರಾದರೂ ಕೇಳಬಹುದು. ಬಂದರು. ಮದರಾಸಿನ ಪರೀಕ್ಷೆಗಳನ್ನೇ ಪಾಸು ಮಾಡಿ, ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಹೇಳಿದರು. 1926ರ 'ಇಂಗ್ಲಿಷ್ ಗೀತಗಳು' ಸಂಕಲನದ ಬಹುಪಾಲು ಪದ್ಯಗಳ ಮೂಲ ಪಾಲ್‌ಗ್ರೇವ್ 1861ರಲ್ಲಿ ಸಂಪಾದಿಸಿದ 'ಗೋಲ್ಡನ್ ಟ್ರೆಷರಿ'. ಅದು ನಮ್ಮ ಕಾಲೇಜುಗಳಲ್ಲಿ ಪಠ್ಯವಾಗಿದ್ದ ಪುಸ್ತಕವೇ. ಎಷ್ಟು ಸಾವಿರ ಜನ ಅನೊಟೇಶನ್ ಬರೆದು ಮುಚ್ಚಿಟ್ಟ ಪದ್ಯಗಳು ಅವು! ಬಿ.ಎಂ.ಶ್ರೀ. ಅವನ್ನು ಸಂದರ್ಭದಿಂದ ಕಿತ್ತು ಕನ್ನಡದ ಲಯಕ್ಕೆ ಹೂಡಿದರು. ಬೇಕಾದಲ್ಲಿ ಊರು ಬದಲಾಯಿಸಿದರು, ಹೆಸರು ಬದಲಾಯಿಸಿದರು. ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಸೊನ್ನೆ. ಕಲ್ಕತ್ತೆಯಲ್ಲಿ ಅವರಿಗಿಂತ ಎರಡು ತಲೆಮಾರು ಹಿಂದೆ, ಹಿಂದೂ ಕಾಲೇಜಿನಲ್ಲಿ ಓದಿದ ಮೈಕೇಲ್ ಮಧುಸೂದನ ದತ್ತರದೂ ಇಂಥದೇ ಕಥೆ. ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆದು, ಆಮೇಲೆ 1861ರಲ್ಲಿ 'ಮೇಘನಾದವಧ ಕಾವ್ಯ'ವನ್ನು ಬಂಗಾಳಿಯಲ್ಲಿ ತಂದರು. ಕುವೆಂಪು ಅವರಿಗೆ 1924ರಲ್ಲಿ ಐರ್ಲೆಂಡಿನ ಜೇಮ್ಸ್ ಕಸಿನ್ಸ್ ಕನ್ನಡದಲ್ಲಿ ಬರೆಯಿರಿ ಎಂದದ್ದು ಎಲ್ಲರಿಗೂ ಗೊತ್ತು.

ಇವರಿಗಿಂತ ನನಗೆ ಕುತೂಹಲ ಹುಟ್ಟಿಸುವವರು ಬಸವಪ್ಪ ಶಾಸ್ತ್ರಿಗಳು. ಮೈಸೂರು ಆಸ್ಥಾನದ ಕವಿ; ಇಂಗ್ಲಿಷ್ ಬಾರದು. ಸಿ. ಸುಬ್ಬರಾಯರು 'ಒಥೆಲೋ'ವನ್ನು ಕನ್ನಡದಲ್ಲಿ ಹೇಳಿದರು, ಇವರು ಅದನ್ನು 'ಶೂರಸೇನ ಚರಿತ್ರೆ'ಯಾಗಿ ಕಟ್ಟಿದರು. ಒಂದು ಮೀನಿಂಗೂ ಹಾಕಿಕೊಳ್ಳದೆ ಷೇಕ್ಸ್‌ಪಿಯರನನ್ನು ಅರ್ಥ ಮಾಡಿಕೊಂಡ ಕನ್ನಡಿಗ ಎಂದು ಅವರನ್ನು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಹುಡುಗರಿಗೆ ಬಹಳ ಧೈರ್ಯ ಬರುತ್ತಿತ್ತು.

ಆದ್ದರಿಂದ ಬಿ.ಎಂ.ಶ್ರೀ. ಅವರನ್ನು ತೋರಿಸಿ ಆ ಪರೀಕ್ಷೆಯನ್ನು ಸಮರ್ಥಿಸುವುದು ಸರಿಯಲ್ಲ. ಪರೀಕ್ಷೆ ಅವರನ್ನು ಮಾಡಲಿಲ್ಲ, ಅವರನ್ನು ತಡೆಯಲಾಗಲಿಲ್ಲ ಅಷ್ಟೆ. ಆ ಪರೀಕ್ಷೆಯ ದೋಷವನ್ನು ಬ್ರಿಟಿಷರೇ ಒಪ್ಪಿಕೊಂಡಿದ್ದರು. ಕರ್ಜನ್ ನೇಮಿಸಿದ 1902ರ ವಿಶ್ವವಿದ್ಯಾನಿಲಯ ಆಯೋಗ, ಪಾಠಕ್ಕೆ ಪರೀಕ್ಷೆ ಅಧೀನವಾಗಿರಬೇಕಾದಲ್ಲಿ ಪರೀಕ್ಷೆಗೆ ಪಾಠ ಅಧೀನವಾಗಿರುವುದೇ ಇಲ್ಲಿನ ದೊಡ್ಡ ಕೇಡು ಎಂದು ಬರೆಯಿತು. ಆ ಮಾತು ಮಾತ್ರ ಕಪಾಟು ಸೇರಿತು. ಮುಂದೆ 1920ರ ದಶಕದಲ್ಲಿ, ಹೆಡ್‌ಮಾಸ್ಟರರ ಮಗನಾಗಿದ್ದ ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ವಿಷಯ ಯಾವುದು? ಇಂಗ್ಲಿಷ್.

ಕೇಂಬ್ರಿಜ್‌ನಲ್ಲಿ ಅದೇ ಹೊತ್ತಿಗೆ ಐ.ಎ. ರಿಚರ್ಡ್ಸ್ ಒಂದು ಪ್ರಯೋಗ ಮಾಡುತ್ತಿದ್ದರು. ಕವಿಯ ಹೆಸರು, ಕಾಲ ಯಾವುದೂ ಇಲ್ಲದೆ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅನ್ನಿಸಿದ್ದನ್ನು ಬರೆದು ತನ್ನಿ ಎಂದರು. ಬಂದ ಬರಹಗಳನ್ನು 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಎಂಬ ಪುಸ್ತಕದಲ್ಲಿ ಅಚ್ಚು ಹಾಕಿದರು. ಇಂಗ್ಲಿಷ್ ತಾಯಿನುಡಿಯಾಗಿದ್ದ, ದೇಶದ ಅತ್ಯುತ್ತಮ ವಿದ್ಯಾರ್ಥಿಗಳೆನಿಸಿಕೊಂಡವರು ಪದ್ಯದ ಸಾದಾ ಅರ್ಥವನ್ನೇ ತಪ್ಪಿದ್ದರು, ದೊಡ್ಡ ಕವಿಗಳನ್ನು ತೆಗಳಿದ್ದರು, ಸಾಮಾನ್ಯರನ್ನು ಹೊಗಳಿದ್ದರು. ಹೆಸರೆಂಬ ಊರುಗೋಲು ಇಲ್ಲದಿದ್ದರೆ ಎಲ್ಲರೂ ಎಡವುತ್ತಾರೆಂದು ಅದನ್ನು ಓದಿದ ಭಾರತದ ಮೇಷ್ಟ್ರುಗಳಿಗೆ ಒಳಗೊಳಗೇ ಸಮಾಧಾನವಾಗಿರಬೇಕು. ರಿಚರ್ಡ್ಸ್ ಅರ್ಥವನ್ನು ನಾಲ್ಕಾಗಿ ನೋಡಿದರು: ಹೇಳಿದ ವಿಷಯ, ವಿಷಯದ ಬಗೆಗಿನ ಭಾವ, ಕೇಳುವವನ ಬಗೆಗಿನ ಧಾಟಿ, ಹೇಳುವುದರ ಉದ್ದೇಶ. ನಾಲ್ಕನೆಯದರ ಹತ್ತಿರ ನಿಂತರೆ ನಮ್ಮವರ ಪ್ರಯೋಜನ ಕೈಗೆಟಕುವಷ್ಟು ದೂರದಲ್ಲಿದೆ.

ಅದನ್ನು ಕಂಡವರು ನಮ್ಮಲ್ಲಿದ್ದರು. ತೀ.ನಂ. ಶ್ರೀಕಂಠಯ್ಯನವರು ಇಂಗ್ಲಿಷನ್ನೂ ಆಳವಾಗಿ ಓದಿದ್ದವರು. ಅವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಬಂತು. ಕೇಂಬ್ರಿಜ್‌ನಲ್ಲಿ ವಿಮರ್ಶಕ ಲೀವಿಸ್ ಅವರ ಬಳಿ ಓದಿ ಬಂದ ಸಿ.ಡಿ. ನರಸಿಂಹಯ್ಯನವರು ಮಹಾರಾಜಾ ಕಾಲೇಜಿನ ಪ್ರೊಫೆಸರಾಗಿ, ಪ್ರಿನ್ಸಿಪಾಲರಾಗಿ, 1952ರಲ್ಲಿ 'ಲಿಟರರಿ ಕ್ರೈಟೀರಿಯನ್' ಪತ್ರಿಕೆ ಶುರು ಮಾಡಿದರು. 1979ರಲ್ಲಿ ಮೈಸೂರಿನಲ್ಲಿ ಅವರು ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು 'ಧ್ವನ್ಯಾಲೋಕ', ಆನಂದವರ್ಧನನ ಗ್ರಂಥದ್ದೇ. ಅಣ್ಣ ಪೆನ್ಸಿಲಿನಲ್ಲಿ ಕದ್ದು ಮಾಡಿದ ಕೆಲಸಕ್ಕೆ ಕೊನೆಗೊಂದು ಕಟ್ಟಡ ಸಿಕ್ಕಿತು. ಆದರೆ ಇದೆಲ್ಲ ಎಂ.ಎ. ಮಟ್ಟದ ಮಾತು. ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಟೇಕನ್ ಫ್ರಮ್ ನಡೆದೇ ಇತ್ತು.

ಶಾಲೆಯ ಮಟ್ಟದಲ್ಲೂ ಒಂದು ದೊಡ್ಡ ಪ್ರಯತ್ನ ನಡೆಯಿತು, ನಮ್ಮ ಬೆಂಗಳೂರಿನ ಹೆಸರಿನಲ್ಲೇ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನೇ ಬದಿಗಿಟ್ಟು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವಂಥ, ನಕಾಶೆ ನೋಡಿ ದಾರಿ ಹೇಳುವಂಥ ಕೆಲಸ ಕೊಟ್ಟು ಇಂಗ್ಲಿಷ್ ಕಲಿಸಿದರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಹಿಡಿಯುತ್ತದೆ ಎಂಬುದು ಅವರ ನಂಬಿಕೆ. ಪ್ರಪಂಚದ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದನ್ನು ಬ್ಯಾಂಗಲೋರ್ ಪ್ರಾಜೆಕ್ಟ್ ಎಂದು ಇವತ್ತಿಗೂ ಓದಿಸುತ್ತಾರೆ. ಬೆಂಗಳೂರಿನ ಎಷ್ಟು ಇಂಗ್ಲಿಷ್ ಮೇಷ್ಟ್ರಿಗೆ ಅದು ಗೊತ್ತೆಂದು ಕೇಳಬೇಡಿ.

ಈ ಪ್ರಶ್ನೆ ಇಂಗ್ಲಿಷ್ ಪತ್ರಿಕೆಯಲ್ಲೇ ನಿಂತಿಲ್ಲ. ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆ ತೆಗೆಯಿರಿ: 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ.' ಮಕ್ಕಳು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ ಹಾಕಿ 'ಈ ವಾಕ್ಯವನ್ನು ಆಯ್ದುಕೊಳ್ಳಲಾಗಿದೆ' ಎಂದು ಶುರು ಮಾಡುತ್ತಾರೆ. ಟೇಕನ್ ಫ್ರಮ್ ಕನ್ನಡದ ಪಂಚೆ ಉಟ್ಟದ್ದು ಇದು ಎಂಬುದು ನನ್ನ ಬಲವಾದ ಗುಮಾನಿ. ಸ್ವಾರಸ್ಯ ಎಂಬ ಮಾತು ಮಾತ್ರ ನಮ್ಮದು, ಒಳ್ಳೆಯದು. ಆದರೆ ಅದರ ಕೆಳಗೂ ಗೈಡಿನ ವಾಕ್ಯವೇ ಬರುತ್ತದೆ. ಅಲಂಕಾರದ ಪ್ರಶ್ನೆಯಲ್ಲಿ ಕನ್ನಡ ಪತ್ರಿಕೆ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪುತ್ತೇನೆ. ಹೆಸರು ಬರೆದರೆ ಸಾಲದು, ಉಪಮೇಯ ಯಾವುದು, ಉಪಮಾನ ಯಾವುದು, ಉಪಮಾವಾಚಕ ಯಾವುದು, ಸಮಾನಧರ್ಮ ಯಾವುದು ಎಂದು ಬಿಡಿಸಿ ಸಮನ್ವಯ ಮಾಡಬೇಕು. ನನ್ನ ಬಿ.ಎ. ಕ್ಲಾಸಿನಲ್ಲಿ ಮೆಟಫರ್ ಎಂದರೆ ಬಾಯಿ ಬಿಡದ ಹುಡುಗಿಯರು, ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ರೂಪಕದ ಸಮನ್ವಯ ಮಾಡಿ ನೋಡೋಣ ಎಂದರೆ ಬೋರ್ಡಿಗೆ ಬಂದು ಬರೆಯುತ್ತಿದ್ದರು. ಇಂಗ್ಲಿಷ್ ಪದ್ಯದ ಸಾಲನ್ನು ಅವರು ಕನ್ನಡದಲ್ಲಿ ಬಿಚ್ಚುತ್ತಿದ್ದರು, ನಾವು ಆಮೇಲೆ ಇಂಗ್ಲಿಷಿಗೆ ತಂದುಕೊಳ್ಳುತ್ತಿದ್ದೆವು.

ಈಗ ಪ್ರಶ್ನೆಪತ್ರಿಕೆ ತಯಾರಿಸುವ ಜಾಗದಲ್ಲಿ ಕೂತಿರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರಲ್ಲಿ ಒಂದು ಕೋರಿಕೆ. ಆರ್.ಸಿ. ಪೂರ್ತಿ ತೆಗೆದುಹಾಕಿ ಎನ್ನುವುದಿಲ್ಲ, ಯಾರೂ ತೆಗೆಯಲು ಬಿಡುವುದಿಲ್ಲ. ಒಂದೇ ಒಂದು ಪ್ರಶ್ನೆಯನ್ನಾದರೂ ಪಠ್ಯದಲ್ಲಿಲ್ಲದ ನಾಲ್ಕು ಸಾಲಿನ ಮೇಲೆ ಕೇಳಿ. ಸಂದರ್ಭ, ಕವಿಯ ಹೆಸರು ನೀವೇ ಕೊಟ್ಟುಬಿಡಿ. ಅಲಂಕಾರದ ಹೆಸರನ್ನೂ ಕೊಟ್ಟುಬಿಡಿ. ಈ ಕವಿ ನೇರವಾಗಿ ಹೇಳದೆ ಹೀಗೆ ಯಾಕೆ ಹೇಳಿದ ಎಂದು ಮಾತ್ರ ಕೇಳಿ. ಐದು ಅಂಕ ಇಡಿ. ಉತ್ತರವನ್ನು ಕನ್ನಡದಲ್ಲಿ ಬರೆದರೂ ಐದಕ್ಕೆ ಐದು ಕೊಡಲು ಸ್ಕೀಮಿನಲ್ಲಿ ಅವಕಾಶವಿರಲಿ.